ಕೀಲಿ ತೆಗೆದರೂ ತಿರುಗುವ ಫ್ಯಾನು

ಅಕ್ಕೋರ ಬಲಗೈ ಹೆಬ್ಬೆರಳಿಗೆ ಯಾವಾಗಲೂ ಖಡುವಿನ ಬಿಳಿ ಪುಡಿ ಮೆತ್ತಿರುತ್ತಿತ್ತು. ಪಕ್ಕದ ಬೆರಳಿನ ಉಗುರಿನ ಸಂದಿಯಲ್ಲಿ ಕರಿ ಮಸಿ. ಬಿಳಿಯದು ಬೋರ್ಡಿನಿಂದ ಬಂದದ್ದು, ಕರಿಯದು ಕಾರಿನಿಂದ. ಎಷ್ಟು ಸೋಪು ಹಚ್ಚಿದರೂ ಆ ಮಸಿ ಹೋಗುತ್ತಿರಲಿಲ್ಲ. ಹೋಗಲಿ ಎಂಬ ಆಸೆಯೂ ಅವರಿಗೆ ಇದ್ದಂತಿರಲಿಲ್ಲ. ನಮ್ಮ ವಹಿಗಳ ಮೇಲೆ ಕೆಂಪು ಶಾಯಿಯ ಜೊತೆಗೆ ಆ ಮಸಿಯ ಗುರುತೂ ಬೀಳುತ್ತಿತ್ತು. ನನ್ನ ವಹಿಯ ಮೇಲೆ ಅದು ಬಿದ್ದ ದಿನ ನಾನು ಅದನ್ನು ಅವ್ವನಿಗೆ ತೋರಿಸಿದ್ದೆ. ಅವ್ವನಿಗೆ ಓದು ಬರುತ್ತಿರಲಿಲ್ಲ. ಆ ಗುರುತಿನ ಮೇಲೆ ಬೆರಳಿಟ್ಟು, "ಇದೊಂದು ಮಾತ್ರ ನನಗ ಓದಾಕ ಬಂತು" ಅಂದಿದ್ದಳು.

ನಮ್ಮ ಹೈಸ್ಕೂಲಿಗೆ ವಿಜ್ಞಾನ, ಗಣಿತ ಕಲಿಸಲು ಬಂದ ಅಕ್ಕೋರು ನಿವೃತ್ತರಾದ ಮೇಲೂ ಊರು ಬಿಡಲಿಲ್ಲ. ಇನ್ನೂ ಕಲಿಸುತ್ತಿದ್ದಾಗಲೇ, ಆಲಮಟ್ಟಿಯಲ್ಲಿ ಕಚೇರಿಯೊಂದರ ಹಳೆ ಗಾಡಿಗಳನ್ನು ಹರಾಜು ಹಾಕಿದಾಗ ಗಂಡಸರ ನಡುವೆ ನಿಂತು ಕೂಗಿ ಒಂದು ಅಂಬಾಸಡರ್ ಹೊಡೆದುಕೊಂಡು ಬಂದಿದ್ದರು. ಅಲ್ಲಿಯ ಜೀಪಿನ ಡ್ರೈವರೊಬ್ಬರಿಂದಲೇ ಓಡಿಸುವುದನ್ನೂ ಕಲಿತರು. ಆಳು ಗಿಡ್ಡ. ಸ್ಟೇರಿಂಗಿನ ಮೇಲಿಂದ ರಸ್ತೆ ಕಾಣಬೇಕೆಂದು ಮಡಚಿದ ಕೌದಿಯ ಮೇಲೆ ಕೂರುತ್ತಿದ್ದರು. ಮೊದಮೊದಲು ಕಟ್ಟೆಯ ಮೇಲೆ ಕೂತವರು, "ಅಕ್ಕೋರ ಕಾರ್ ಬಂತು, ಎಮ್ಮಿ ಒಳಗ ಕಟ್ರಿ" ಎಂದು ನಗುತ್ತಿದ್ದರು. ಒಂದು ದಿನ ಅಕ್ಕೋರು ಕಾರು ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, "ಎಮ್ಮಿಗೆ ಬುದ್ಧಿ ಐತಿ, ತಾನ ಸರೀತೈತಿ. ನೀವು ಕಾಲು ಒಳಗ ತಗೋರಿ" ಅಂದರು. ಕಟ್ಟೆ ಅಂದಿನಿಂದ ತೆಪ್ಪಗಾಯಿತು.

ಆ ಕಾರು ಶೋಕಿಗೆ ತಂದದ್ದಲ್ಲ. ರೈಲು ಹಳಿಯ ಆ ಕಡೆ ನಮ್ಮ ಊರು, ಈ ಕಡೆ ಬಸವನ ಬಾಗೇವಾಡಿ. ಹತ್ತನೆಯ ತರಗತಿಯ ಪರೀಕ್ಷೆ ಬಾಗೇವಾಡಿಯಲ್ಲಿ. ಬೆಳಗಿನ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಗಂಡು ಹುಡುಗರು ಹೇಗೋ ಯಾರದೋ ಸೈಕಲ್ಲು, ಮೋಟರ್ ಸೈಕಲ್ಲು ಹತ್ತಿ ಮುಟ್ಟುತ್ತಿದ್ದರು. ಹುಡುಗಿಯರನ್ನು ಹಾಗೆ ಯಾರು ಕಳಿಸುತ್ತಾರೆ? ಒಂದು ವಿಷಯದ ಪರೀಕ್ಷೆ ತಪ್ಪಿತೆಂದರೆ ಮನೆಯಲ್ಲಿ ಮುಂದಿನ ಮಾತು ವರ ಯಾವ ಊರಿನವನು ಎಂಬುದೇ. ಇದನ್ನು ನೋಡಿ ನೋಡಿ ಸಾಕಾಗಿ ಅಕ್ಕೋರು ಕಾರು ತಂದರು. ಪ್ರತಿ ವರ್ಷ ಪರೀಕ್ಷೆ ಮುಗಿಯುವ ತನಕ ಊರ ಹುಡುಗಿಯರನ್ನು ಅದರಲ್ಲಿ ತುಂಬಿಕೊಂಡು ಬಾಗೇವಾಡಿಗೆ ಮುಟ್ಟಿಸುವುದು, ಪೇಪರು ಮುಗಿಯುವವರೆಗೆ ಹೊರಗೆ ಕಾಯುವುದು, ಮತ್ತೆ ತುಂಬಿಕೊಂಡು ಬರುವುದು. ಜಾಗ ಉಳಿದರೆ ನನ್ನಂಥ ಒಬ್ಬಿಬ್ಬರು ಹುಡುಗರಿಗೂ ಸಿಗುತ್ತಿತ್ತು.

ನನಗೆ ಸಿಕ್ಕಿತು. ಅಪ್ಪ ಕಾಲುವೆಯ ಕೆಲಸದಲ್ಲಿ ಕಲ್ಲು ಒಡೆಯುತ್ತಿದ್ದ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದವನು ನಾನೇ ಮೊದಲು, ಪದವಿ ಪಡೆದವನೂ ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಗೋಡೆಯ ಮೇಲೆ ಬುದ್ಧನ ಪಟದ ಪಕ್ಕದಲ್ಲಿ ಆ ಪದವಿಯ ಕಾಗದ ಇವತ್ತಿಗೂ ಇದೆ. ಆದರೆ ಅಲ್ಲಿಗೆ ಹೋಗುವ ದಾರಿ ಒಂದು ಬೆಳಿಗ್ಗೆ ಅರ್ಧದಲ್ಲೇ ನಿಂತುಹೋಗುವುದರಲ್ಲಿತ್ತು.

ಅದು ನಾನು ಹತ್ತನೆಯ ತರಗತಿಯಲ್ಲಿದ್ದಾಗಿನ ಮಾತು. ಅಂದು ವಿಜ್ಞಾನದ ಪರೀಕ್ಷೆ. ಕಾರು ಊರು ದಾಟಿ ಸ್ವಲ್ಪ ದೂರ ಹೋಗಿ ಕೆಮ್ಮತೊಡಗಿತು, ಜಗ್ಗಿತು, ನಿಂತಿತು. ಹಿಂದಿನ ಸೀಟಿನಲ್ಲಿ ಒಬ್ಬಳು ಅಳಲು ಶುರುಮಾಡಿದಳು. ಅಕ್ಕೋರು ಬಾನೆಟ್ ಎತ್ತಿ, ಇಂಜಿನ್ನಿನ ಪಕ್ಕದ ಒಂದು ಕಪ್ಪು ಮುಚ್ಚಳ ತೆಗೆದು ನನ್ನನ್ನು ಕರೆದರು. ಒಳಗೆ ಜೋಳದ ಕಾಳಿಗಿಂತ ಚಿಕ್ಕದಾದ ಎರಡು ಲೋಹದ ಬಿಲ್ಲೆಗಳು ಒಂದರ ಎದುರು ಒಂದು. ಅದಕ್ಕೆ ಪಾಯಿಂಟ್ ಎನ್ನುತ್ತಾರೆ. ಇಂಜಿನ್ ತಿರುಗುವಾಗ ಅವೆರಡೂ ಕೂಡುತ್ತವೆ, ಅಗಲುತ್ತವೆ. ಅಗಲಿದಾಗಲೆಲ್ಲ ಇಂಜಿನ್ನಿನೊಳಗೆ ಒಂದು ಕಿಡಿ. ಆ ಕಿಡಿಯಿಂದಲೇ ಪೆಟ್ರೋಲು ಹೊತ್ತುವುದು, ಗಾಡಿ ಓಡುವುದು. ಅಂದು ಬಿಲ್ಲೆಗಳ ಮುಖ ಸುಟ್ಟು ಗುಳಿ ಬಿದ್ದಿತ್ತು. ಅಕ್ಕೋರು ಉಗುರು ತಿಕ್ಕುವ ಅರದಿಂದ ಅವನ್ನು ತಿಕ್ಕಿದರು. ಡ್ಯಾಶ್‌ಬೋರ್ಡಿನಲ್ಲಿದ್ದ ಕಡ್ಡಿಪೆಟ್ಟಿಗೆಯ ರಟ್ಟಿನಿಂದ ಒಂದು ಪಟ್ಟಿ ಹರಿದು ಬಿಲ್ಲೆಗಳ ನಡುವೆ ಇಟ್ಟು, ತಿರುಪು ಬಿಗಿ ಮಾಡುತ್ತ ನನಗೆ ಹೇಳಿದರು:

"ಈ ರಟ್ಟು ಹಿಡಿಯುವಷ್ಟ ಬಾಯಿ ಬಿಡಬೇಕು. ಹೆಚ್ಚು ಬಿಟ್ಟರೂ ಕಿಡಿ ಇಲ್ಲ, ಕಡಿಮಿ ಬಿಟ್ಟರೂ ಕಿಡಿ ಇಲ್ಲ. ನೆನಪಿಟ್ಕೋ, ಇವತ್ತಿನ ಪೇಪರಿನಾಗ ಬಂದರೂ ಬರಬಹುದು."

ಬರಲಿಲ್ಲ. ಆದರೆ ನಾವು ಮುಟ್ಟಿದೆವು. ಆ ಕಿಡಿಯ ಬೆನ್ನು ಹತ್ತಿಯೇ ನಾನು ಎಲೆಕ್ಟ್ರಾನಿಕ್ಸ್ ಓದಿದೆ. ಈಗ ಸಿಂದಗಿಯಲ್ಲಿ ಅದನ್ನೇ ಕಲಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ಅಕ್ಕೋರ ಕೈ ನಡುಗಲು ಶುರುವಾಯಿತು. ಸ್ಟೇರಿಂಗ್ ಹಿಡಿದರೆ ತೊಂದರೆ ಇರಲಿಲ್ಲ. ಹಿಡಿಯಲು ಏನೂ ಇಲ್ಲದಾಗ ನಡುಗುತ್ತಿತ್ತು, ಸಣ್ಣ ವಸ್ತು ಹಿಡಿದರಂತೂ ಹೆಚ್ಚು. ಪಾಯಿಂಟಿನ ಕೆಲಸವೆಲ್ಲ ಸಣ್ಣದರ ಕೆಲಸ. ಇತ್ತ ಒಳ್ಳೆಯ ಪಾಯಿಂಟೂ ಸಿಗದಂತಾಯಿತು. ಸೊಲ್ಲಾಪುರದಲ್ಲಿ ಹುಡುಕಿದೆವು. ಇಂಡಿಯಲ್ಲಿ, ಮುದ್ದೇಬಿಹಾಳದಲ್ಲಿ ಸಿಕ್ಕವು ಬೇಗ ಸವೆದುಹೋಗುತ್ತಿದ್ದವು. ಒಂದು ವರ್ಷ ಪರೀಕ್ಷೆಯ ದಿನ ಕಾರು ದಾರಿಯಲ್ಲಿ ನಿಂತು, ಶಾಲೆಯ ಗಂಟೆ ಹೊಡೆಯುವಾಗ ಹೋಗಿ ಮುಟ್ಟಿತ್ತು. ಇದನ್ನು ಅಕ್ಕೋರು ನನಗೆ ಹೇಳಿರಲಿಲ್ಲ. ಊರಿನವರು ಹೇಳಿದರು. ಇನ್ನು ಬಿಡ್ರಿ ಅಕ್ಕೋರ, ನಿಮಗೂ ವಯಸ್ಸಾತು, ಗಾಡಿಗೂ ವಯಸ್ಸಾತು ಎಂದು ಕಟ್ಟೆ ಮತ್ತೆ ಬಾಯಿಬಿಟ್ಟಿತ್ತು. ಬೇರೆ ಕಾರು ತಗೋರಿ ಎಂದವರಿಗೆ ಅಕ್ಕೋರ ಉತ್ತರ ಒಂದೇ: ಇದರಲ್ಲಿ ಕೂತಷ್ಟು ಹುಡುಗಿಯರು ಇನ್ನೊಂದರಲ್ಲಿ ಕೂರುವುದಿಲ್ಲ, ಯಾರನ್ನು ಇಳಿಸಲಿ ನೀವೇ ಹೇಳಿ.

ನಾನು ಹೋಗಿ, ಪಾಯಿಂಟು ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕೋಣ ಅಂದೆ. ಅದೇ ಮುಚ್ಚಳದ ಒಳಗೆ ಕೂರುವ ಒಂದು ಪುಟ್ಟ ಡಬ್ಬಿ, ತಿರುಗುವ ದಂಡಕ್ಕೆ ಅಯಸ್ಕಾಂತದ ಬಳೆ. ಕೂಡುವುದಿಲ್ಲ, ಅಗಲುವುದಿಲ್ಲ, ಸವೆಯುವುದಿಲ್ಲ, ತಿಕ್ಕಬೇಕಾಗಿಯೂ ಇಲ್ಲ.

"ಮೊದಲ ನನಗ ಪಾಠ ಮಾಡು" ಅಂದರು ಅಕ್ಕೋರು.

ಕಾರು ನಿಲ್ಲಿಸುವ ತಗಡಿನ ಶೆಡ್ಡಿನಲ್ಲಿ ಒಂದು ಖಾಲಿ ಎಣ್ಣೆ ಡಬ್ಬದ ಮೇಲೆ ಕೂತರು. ಖಡು ನನ್ನ ಕೈಗೆ ಕೊಟ್ಟರು. ಗೋಡೆಯ ಮೇಲೆ ಚಿತ್ರ ಬರೆದು ನಾನು ಹೇಳುತ್ತ ಹೋದೆ. ಇಷ್ಟು ವರ್ಷ ಪಾಠ ಮಾಡಿದ್ದೇನೆ, ಅಂದಿನಷ್ಟು ಎಂದೂ ಬೆವರಿಲ್ಲ. ಎಲ್ಲ ಕೇಳಿ ಕೊನೆಗೆ ಅವರು ಕೇಳಿದ ಪ್ರಶ್ನೆ ಒಂದೇ: ಇದು ಕೆಡುವಾಗ ಹೇಗೆ ಕೆಡುತ್ತದೆ? ಪಾಯಿಂಟು ಕೆಮ್ಮಿ, ಜಗ್ಗಿ, ಮೊದಲೇ ಹೇಳಿ ಕೆಡುತ್ತದೆ, ಡಬ್ಬಿ ಹೇಳದೆ ಕೇಳದೆ ಒಮ್ಮೆಲೇ ಹೋಗುತ್ತದೆ ಎಂದು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಇನ್ನೊಂದನ್ನೂ ಹೇಳಿದೆ. ಇಂಜಿನ್ ಬಂದ್ ಆಗಿದ್ದಾಗ ಕೀಲಿ ಆನ್ ಇಟ್ಟರೆ ಕರೆಂಟು ಸುಮ್ಮನೆ ಹರಿದು ಡಬ್ಬಿ ಕಾಯುತ್ತದೆ, ಹಾಗೇ ಬಿಟ್ಟರೆ ಸುಡುತ್ತದೆ.

ಇಲ್ಲೊಂದು ತೊಡಕಿತ್ತು. ಡ್ಯಾಶ್‌ಬೋರ್ಡಿನ ಮೇಲೆ ಒಂದು ಸಣ್ಣ ಫ್ಯಾನು. ಮಾರ್ಚ್ ತಿಂಗಳಲ್ಲಿ ನಮ್ಮ ಕಡೆ ಬೆಳಗಿನ ಬಿಸಿಲೇ ಬೆನ್ನು ಸುಡುತ್ತದೆ, ಆದ್ದರಿಂದ ಹುಡುಗಿಯರಿಗಾಗಿ ಹಾಕಿಸಿದ್ದು. ಅದು ಕೀಲಿ ತಿರುಗಿಸಿದರೆ ಮಾತ್ರ ತಿರುಗುವಂತೆ ತಂತಿ ಎಳೆದಿದ್ದರು. ಆ ತಂತಿಯನ್ನು ನೇರ ಬ್ಯಾಟರಿಗೆ ಕೊಡೋಣ, ಕೀಲಿಯ ಗೊಡವೆಯೇ ಬೇಡ ಅಂದೆ. ಅಕ್ಕೋರು ಕೈ ಅಡ್ಡ ಮಾಡಿದರು.

"ಒಂದು ಸಲಕ್ಕ ಒಂದ ಬದಲು. ಎರಡು ಬದಲು ಮಾಡಿದಿ ಅಂದ್ರ, ಕೆಟ್ಟಾಗ ಯಾವುದರಿಂದ ಕೆಡ್ತು ಅಂತ ಹ್ಯಾಂಗ ಹೇಳ್ತಿ? ಇದನ್ನ ನಿನಗ ಯಾರು ಕಲಿಸಿದ್ರು?"

ಅವರೇ ಕಲಿಸಿದ್ದರು. ಪ್ರಯೋಗದ ಮೊದಲ ನಿಯಮ ಅದು. ಡಬ್ಬಿ ಹಾಕಿದೆ, ಫ್ಯಾನಿನ ತಂತಿ ಇದ್ದಲ್ಲೇ ಇತ್ತು. ಬಿಚ್ಚಿದ ಹಳೆ ಪಾಯಿಂಟಿನ ತಟ್ಟೆಯನ್ನು ಮಾತ್ರ ಡಿಕ್ಕಿಯಲ್ಲೇ ಇಡಬೇಕೆಂದು ಹಟ ಹಿಡಿದೆ. ಅಕ್ಕೋರು ಅದನ್ನು ಒಂದು ಬಿಸ್ಕೀಟಿನ ಡಬ್ಬದಲ್ಲಿ ಅರಿವೆ ಸುತ್ತಿ ಇಟ್ಟರು.

ಆ ವರ್ಷ ಗಣಿತದ ಪರೀಕ್ಷೆಯ ದಿನ ನಾನು ರಜೆ ಹಾಕಿ ಊರಿಗೆ ಬಂದು ಮುಂದಿನ ಸೀಟಿನಲ್ಲಿ ಕೂತೆ. ನನ್ನ ಡಬ್ಬಿಯ ಪರೀಕ್ಷೆಯೂ ಅಂದೇ ಅನ್ನಿಸಿತ್ತು. ಹಿಂದೆ ಹುಡುಗಿಯರು ಒಬ್ಬರ ತೊಡೆಯ ಮೇಲೊಬ್ಬರು. ಕಾರು ಎಂದೂ ಓಡದಷ್ಟು ಹಗುರಾಗಿ ಓಡಿತು. "ಗಂಟಲು ಸ್ವಚ್ಛ ಆಗೇತಿ ಮುದುಕಿದು" ಎಂದು ಅಕ್ಕೋರು ನಕ್ಕರು. ರೈಲ್ವೆ ಗೇಟಿನವರೆಗೆ.

ಗೇಟು ಬಿದ್ದಿತ್ತು. ಅಕ್ಕೋರು ಎಂದಿನಂತೆ ಕೀಲಿ ತಿರುಗಿಸಿ ಇಂಜಿನ್ ಬಂದ್ ಮಾಡಿದರು. ನಿಂತಲ್ಲೇ ಉರಿಸಿದರೆ ಆ ಕಾರಿನ ನೀರು ಕುದಿಯುತ್ತಿತ್ತು. ಗೂಡ್ಸ್ ರೈಲು ಬಂತು. ಬಂದದ್ದು ಹೋಗಲಿಲ್ಲ. ಗೇಟಿನ ಅಡ್ಡಕ್ಕೇ ನಿಂತಿತು. ಬೋಗಿಗಳ ಸಾಲು ಎರಡೂ ಕಡೆ ಕಣ್ಣಿಗೆ ಕಾಣುವಷ್ಟು ದೂರ. ಗೇಟಿನವನನ್ನು ಕೇಳಿದೆ. ಸಿಗ್ನಲ್ ಇಲ್ರಿ, ನಾ ಏನ್ ತಳ್ಳಲೇನ್ರಿ ಅಂದ. ಒಂದು ಗಿಡದ ನೆರಳೂ ಇಲ್ಲದ ಜಾಗ. ತಗಡು ಕಾದು ಒಳಗೆ ಉಸಿರು ಕಟ್ಟತೊಡಗಿತು. ಹುಡುಗಿಯರು ಸೂತ್ರ ಬಾಯಿಪಾಠ ಮಾಡುವುದನ್ನು ಒಬ್ಬೊಬ್ಬರಾಗಿ ಬಿಟ್ಟರು.

ಆಗ ನಡುವೆ ಕೂತಿದ್ದ, ಕುರಿ ಕಾಯುವವರ ಮನೆಯ ಹುಡುಗಿ, ಪಕ್ಕದವಳ ಹೆಗಲ ಮೇಲೆ ವಾಲಿದಳು. ಮುಖ ಬಿಳಿಚಿತ್ತು, ತುಟಿ ಒಣಗಿತ್ತು. ಅಂಜಿಕೆಗೆ ಹಿಂದಿನ ದಿನದಿಂದ ಹೊಟ್ಟೆಗೆ ಏನೂ ಹಾಕಿರಲಿಲ್ಲವಂತೆ. ನೀರು ಚಿಮುಕಿಸಿದೆವು. ನಾನು ಪರೀಕ್ಷೆಯ ಪ್ಯಾಡಿನಿಂದ ಗಾಳಿ ಹಾಕಿದೆ. ಬಿಸಿಗಾಳಿಯೇ ಬಂತು. ಹುಡುಗಿ ಕಣ್ಣು ತೆರೆಯಲಿಲ್ಲ.

ಅಕ್ಕೋರು ಕೀಲಿ ತಿರುಗಿಸಿದರು. ಫ್ಯಾನು ಶುರುವಾಯಿತು. ಅದರ ಮುಖವನ್ನು ಹಿಂದಕ್ಕೆ ತಿರುಗಿಸಿ ಹುಡುಗಿಯ ಕಡೆ ಹಿಡಿದರು.

"ಅಕ್ಕೋರ, ಕೀಲಿ ಬಂದ್ ಮಾಡ್ರಿ. ಡಬ್ಬಿ ಸುಡತೈತಿ."

"ಗೊತ್ತೈತಿ."

"ಸುಟ್ಟರ ಗಾಡಿ ಏಳೂದಿಲ್ರಿ."

"ಹುಡುಗಿ ಎದ್ದರ ಗಾಡಿ ಎಬ್ಬಿಸಬಹುದು. ಹುಡುಗಿ ಏಳದ ಗಾಡಿ ತಗೊಂಡು ಏನ್ ಮಾಡ್ತಿ?"

ಅವರು ನನ್ನ ಕಡೆ ನೋಡಲೂ ಇಲ್ಲ. ಡಬ್ಬಿಗೆ ಕರೆಂಟು ಹೋಗುವ ತಂತಿಯನ್ನು ಕಿತ್ತರೆ ಫ್ಯಾನೂ ತಿರುಗುತ್ತದೆ, ಡಬ್ಬಿಯೂ ಉಳಿಯುತ್ತದೆ ಎಂದು ಆಗ ಹೊಳೆದು ಕೆಳಗೆ ಹಾರಿದೆ. ಆ ಕಾರಿನ ಬಾನೆಟ್ಟು ಎಂದೂ ಒಂದೇ ಸಲಕ್ಕೆ ತೆರೆದದ್ದಲ್ಲ. ಗುದ್ದಿದೆ, ಎತ್ತಿದೆ, ಮತ್ತೆ ಗುದ್ದಿದೆ. ತೆರೆದು ತಂತಿ ಎಳೆಯುವಷ್ಟರಲ್ಲಿ ಮೂಗಿಗೆ ಸುಟ್ಟ ವಾಸನೆ ಬಡಿಯಿತು. ಮುಚ್ಚಳ ಮುಟ್ಟಿದರೆ ಹಂಚಿನಂತೆ ಕಾದಿತ್ತು. ಹಿಂದಿನಿಂದ ಹುಡುಗಿಯರ ದನಿ ಕೇಳಿತು: ಕಣ್ಣು ಬಿಟ್ಟಳ್ರಿ ಅಕ್ಕೋರ.

ಅದೇ ಹೊತ್ತಿಗೆ ರೈಲು ಕೂಗಿ ಜರುಗಿತು. ಗೇಟು ಎದ್ದಿತು. ತಂತಿ ಮತ್ತೆ ಸಿಕ್ಕಿಸಿದೆ. ಅಕ್ಕೋರು ಸ್ಟಾರ್ಟ್ ಮಾಡಿದರು. ಇಂಜಿನ್ ತಿರುಗಿತೇ ಹೊರತು ಹೊತ್ತಲಿಲ್ಲ. ಮತ್ತೆ ಮಾಡಿದರು. ಇಲ್ಲ. ಕಿಡಿ ಸತ್ತಿತ್ತು.

ನಮ್ಮ ಹಿಂದೆ ಇದ್ದದ್ದು ಉಳ್ಳಾಗಡ್ಡಿ ಚೀಲ ತುಂಬಿದ ಟ್ರಾಕ್ಟರೊಂದೇ. ಮೋಟರ್ ಸೈಕಲ್ಲಿನವರು ಗೇಟು ಏಳುತ್ತಲೇ ಸಂದಿಯಲ್ಲಿ ನುಸುಳಿ ಹೋಗಿದ್ದರು. ಟ್ರಾಕ್ಟರಿನವನು ನಮ್ಮ ಊರಿನವನೇ. ಕಾರಿನ ಪಕ್ಕಕ್ಕೆ ತಂದು ನಿಲ್ಲಿಸಿ, ಹುಡುಗಿಯರನ್ನು ಚೀಲದ ಮೇಲೆ ಕೂಡಿಸಿದರೆ ಒಯ್ಯುತ್ತೇನೆ ಅಂದ. ಅದರ ನಡಿಗೆಗೆ ಗಂಟೆ ಹೊಡೆಯುವ ಮೊದಲು ಮುಟ್ಟುವುದು ಸಂಶಯ. ಮುಟ್ಟಿದರೂ ಮುಟ್ಟಬಹುದು. ಕಾರಾದರೋ, ಎದ್ದರೆ ಖಂಡಿತ ಮುಟ್ಟುತ್ತದೆ. ಏಳದಿದ್ದರೆ ಯಾರೂ ಮುಟ್ಟುವುದಿಲ್ಲ.

"ಏನ್ ಮಾಡೂನ್ರಿ ಅಕ್ಕೋರ? ಕುಂದ್ರಸ್ತೀರೋ, ಹೋಗಲೋ?" ಎಂದು ಕೇಳಿದ.

ಅಕ್ಕೋರು ನನ್ನ ಮುಖ ನೋಡಿದರು. ಬೋರ್ಡಿನ ಮುಂದೆ ನಿಲ್ಲಿಸಿ ಉತ್ತರ ಕೇಳುವಾಗಿನ ನೋಟ ಅದೇ.

"ಹಳೇ ಪಾಯಿಂಟ್ ಹಾಕಿ ಎಬ್ಬಸ್ತೀ? ಅಂದಾಜು ಹೇಳಬ್ಯಾಡ. ಆಗತೈತಿ, ಇಲ್ಲ, ಎರಡರಾಗ ಒಂದು ಹೇಳು."

ಹಿಂದೆ ಕೂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ನನ್ನ ಮನೆಯಲ್ಲಿ ನನ್ನ ಹಿಂದೆ ಬಂದ ತಂಗಿಯರಿಬ್ಬರೂ ಇದೇ ಸೀಟಿನಲ್ಲಿ ಕೂತು ಹೋದವರು. "ಆಗತೈತ್ರಿ" ಅಂದೆ.

"ಹೋಗಪಾ ನೀನು" ಎಂದು ಅಕ್ಕೋರು ಟ್ರಾಕ್ಟರನ್ನು ಕಳಿಸಿಬಿಟ್ಟರು. ಅದು ಹಳಿ ದಾಟಿ ತಿರುವಿನಲ್ಲಿ ಮರೆಯಾಗುವುದನ್ನು ಎಲ್ಲರೂ ನೋಡಿದೆವು. ಬಳಿಕ ಆ ರಸ್ತೆಯ ಮೇಲೆ ನಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲ.

ಡಬ್ಬಿ ಬಿಚ್ಚಿದೆ, ಬಳೆ ತೆಗೆದೆ. ಬಿಸ್ಕೀಟಿನ ಡಬ್ಬ ಬಿಚ್ಚಿದರೆ ಪಾಯಿಂಟಿನ ತಟ್ಟೆಯ ಜೊತೆ ಅರಿವೆಯಲ್ಲಿ ಇನ್ನೊಂದು ವಸ್ತುವಿತ್ತು. ಎಣ್ಣೆ ಕುಡಿದು ಕಪ್ಪಾದ, ಕಡ್ಡಿಪೆಟ್ಟಿಗೆಯ ರಟ್ಟಿನ ಪಟ್ಟಿ. ನಾನು ತಲೆ ಎತ್ತಿದೆ. "ಹೂಂ, ಅದ. ನಿನ್ನ ವರ್ಷದ್ದು. ಕೆಲಸ ನೋಡು" ಅಂದರು ಅಕ್ಕೋರು.

ತಟ್ಟೆ ಕೂಡಿಸಿ ತಂತಿ ಕೊಟ್ಟೆ. ಅಕ್ಕೋರು ಮುಂದೆ ಹ್ಯಾಂಡಲ್ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾನು ನಿಲ್ಲಿಸ್ರಿ ಅನ್ನುವವರೆಗೆ ಇಂಜಿನ್ನನ್ನು ಮೆಲ್ಲಗೆ ತಿರುಗಿಸಿದರು. ಬಿಲ್ಲೆಗಳು ಬಾಯಿ ಬಿಟ್ಟವು. ಇನ್ನು ಅಳತೆಯ ಕೆಲಸ. ಒಂದು ಕೈಯಲ್ಲಿ ತಟ್ಟೆ ಒತ್ತಿ ಹಿಡಿಯಬೇಕು, ಇನ್ನೊಂದರಲ್ಲಿ ತಿರುಪು ಬಿಗಿ ಮಾಡಬೇಕು, ಅಷ್ಟು ಹೊತ್ತು ರಟ್ಟು ಬಿಲ್ಲೆಗಳ ನಡುವೆ ನೆಟ್ಟಗೆ ನಿಲ್ಲಬೇಕು. ಮೂರನೆಯ ಕೈ ಬೇಕಿತ್ತು. ಅಕ್ಕೋರು ರಟ್ಟು ಹಿಡಿದರು. ಅದು ನಡುಗಿ ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಹುಡುಗಿಯೊಬ್ಬಳು ತಾನು ಹಿಡಿಯುತ್ತೇನೆಂದು ಇಳಿದಳು. ಅಕ್ಕೋರು ಗದರಿದರು: ನಿಮ್ಮ ಕೈಗೆ ಇವತ್ತು ಮಸಿ ಹತ್ತಬಾರದು, ಉತ್ತರ ಪತ್ರಿಕೆ ಹೊಲಸಾಗುತ್ತದೆ, ಕೂಡ್ರಿ ಎಲ್ಲಾರು.

ಅವರ ಹಣೆಯ ಬೆವರು ಮುಚ್ಚಳದ ಅಂಚಿಗೆ ಬೀಳುವುದರಲ್ಲಿತ್ತು. ಸಿಟ್ಟು ನನ್ನ ಮೇಲಲ್ಲ, ಡಬ್ಬಿಯ ಮೇಲಲ್ಲ, ತಮ್ಮ ಕೈಯ ಮೇಲೆ. ಅವರ ಕಣ್ಣಲ್ಲಿ ಅಂಥದ್ದನ್ನು ನಾನು ಅದೇ ಮೊದಲು ನೋಡಿದ್ದು.

ಆಗ ಹಿಂದಿನಿಂದ ಒಂದು ಕೈ ಬಂತು. ಎಚ್ಚರ ತಪ್ಪಿದ್ದ ಹುಡುಗಿ ಕಾರಿನ ಬಾಗಿಲು, ಮಡ್‌ಗಾರ್ಡು ಹಿಡಿದುಕೊಂಡು ನಡೆದು ಬಂದಿದ್ದಳು. ರಟ್ಟನ್ನು ಮುಟ್ಟಲಿಲ್ಲ. ಅಕ್ಕೋರ ಮಣಿಕಟ್ಟನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದಳು, ಕುರಿಮರಿಯ ಕಾಲು ಹಿಡಿಯುವ ಹಾಗೆ. "ನನ್ನ ಕೈಗೆ ಮಸಿ ಹತ್ತೂದಿಲ್ರಿ ಅಕ್ಕೋರ" ಅಂದಳು.

ಅಕ್ಕೋರು ಗದರಲಿಲ್ಲ. ರಟ್ಟು ನಿಂತಿತು. ನಾನು ತಿರುಪು ಬಿಗಿ ಮಾಡಿದೆ.

ಮುಚ್ಚಳ ಹಾಕಿ, ಕ್ಲಿಪ್ಪು ಬಿಗಿದು, ಹೂಂ ಅಂದೆ. ಅಕ್ಕೋರು ಕೌದಿಯ ಮೇಲೆ ಕೂತು ಸ್ಟಾರ್ಟ್ ಮಾಡಿದರು. ಇಂಜಿನ್ ಒಂದು ಸಲ ಕೆಮ್ಮಿತು. ಆ ಕೆಮ್ಮನ್ನು ಕೇಳಿ ನನಗಾದ ಸಮಾಧಾನವನ್ನು ಹೇಗೆ ಹೇಳಲಿ. ಇನ್ನೊಮ್ಮೆ ಕೆಮ್ಮಿ ಹೊತ್ತಿಕೊಂಡಿತು. ಹಾದಿಯಲ್ಲಿ ಉಳ್ಳಾಗಡ್ಡಿಯ ಟ್ರಾಕ್ಟರನ್ನು ದಾಟಿದೆವು. ಅವನು ಕೈ ಎತ್ತಿದ. ಅಕ್ಕೋರು ಎತ್ತಲಿಲ್ಲ, ಎರಡೂ ಕೈ ಸ್ಟೇರಿಂಗಿನ ಮೇಲೇ ಇದ್ದವು. ಶಾಲೆಯ ಗೇಟನ್ನು ಜವಾನ ಎಳೆಯುತ್ತಿದ್ದ. ಅಕ್ಕೋರು ಕಾರಿನ ಮೂತಿಯನ್ನು ಗೇಟಿನ ನಡುವೆಯೇ ತಂದು ನಿಲ್ಲಿಸಿದರು. ಜವಾನ ಬೈಯುತ್ತಿರುವಂತೆಯೇ ಹುಡುಗಿಯರು ಇಳಿದು ಓಡಿದರು. ಕೊನೆಯವಳು ಓಡಲಾರದೆ ಬಿರುಸಾಗಿ ನಡೆದು ಒಳಗೆ ಹೋದಳು.

ಆಮೇಲೆ ಬಹಳ ಹೊತ್ತು ಅಕ್ಕೋರು ಸ್ಟೇರಿಂಗ್ ಬಿಡದೆ ಕೂತಿದ್ದರು. ಬಿಟ್ಟಾಗ ಕೈ ತೊಡೆಯ ಮೇಲೆ ನಡುಗುತ್ತಿತ್ತು. ಅವರೇ ಮೊದಲು ಮಾತಾಡಿದರು. "ಮೊದಲನೇ ಬದಲು ನೋಡಿದ್ವಿ. ಡಬ್ಬಿದು ತಪ್ಪಿಲ್ಲ. ಹೊಸಾದು ತರಸು. ಇನ್ನ ಎರಡನೇ ಬದಲು ಮಾಡು."

ಅಂದು ಸಂಜೆಯೇ ಶೆಡ್ಡಿನಲ್ಲಿ ಫ್ಯಾನಿನ ತಂತಿಯನ್ನು ಕೀಲಿಯಿಂದ ಬಿಚ್ಚಿ ನೇರ ಬ್ಯಾಟರಿಗೆ ಕೊಟ್ಟೆ. ಅಕ್ಕೋರು ಕೀಲಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಫ್ಯಾನು ತಿರುಗುವುದನ್ನು ನೋಡಿದರು. ಪಾಸು ಎನ್ನುವಂತೆ ತಲೆಯಾಡಿಸಿದರು.

ಆ ಮಾರ್ಚ್ ಆದ ಮೇಲೆ ಅವರು ಹೆಚ್ಚು ವರ್ಷ ಓಡಿಸಲಿಲ್ಲ. ನಡುಕ ಕೈಯಿಂದ ಕಾಲಿಗೆ ಇಳಿಯಿತು. ಡಬ್ಬಿಯ ಪಾಠ ಮಾಡಿದ ದಿನ, ಹೇಳದೆ ಕೇಳದೆ ಹೋಗುವುದೇ ಒಳ್ಳೆಯದು, ನನಗೂ ಅಂಥ ಸಾವೇ ಬರಲಿ ಎಂದು ಅವರು ನಕ್ಕಿದ್ದರು. ಹಾಗೆ ಬರಲಿಲ್ಲ. ಪಾಯಿಂಟಿನ ಹಾಗೆ ಕೆಮ್ಮುತ್ತ, ಜಗ್ಗುತ್ತ, ಹೇಳಿ ಹೇಳಿಯೇ ಬಂತು. ಅದರ ಬಗ್ಗೆ ಅವರು ಒಂದು ದಿನವೂ ಗೊಣಗಲಿಲ್ಲ. ಕುರಿ ಕಾಯುವವರ ಮನೆಯ ಹುಡುಗಿ ಆಗ ಬಾಗೇವಾಡಿಯಲ್ಲಿ ಕಾಲೇಜು ಓದುತ್ತಿದ್ದಳು. ರಜೆಗೆ ಬಂದಾಗಲೆಲ್ಲ ಅಕ್ಕೋರ ಹಾಸಿಗೆಯ ಪಕ್ಕ ಕೂತು ಅದೇ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದಳು. ಹಿಡಿದಷ್ಟು ಹೊತ್ತು ಕೈ ಸುಮ್ಮನಿರುತ್ತಿತ್ತು.

ಮಾತು ಇನ್ನೂ ಬರುತ್ತಿದ್ದ ಕೊನೆಯ ದಿನಗಳಲ್ಲಿ ನನ್ನನ್ನು ಕರೆಸಿ ಕೀಲಿ ಕೊಟ್ಟರು. ಕಾರು ನನಗೆ ಕೊಡುತ್ತಿದ್ದಾರೆಂದು ತಿಳಿದು ನಾನು ಬೇಡವೆಂದೆ.

"ಕಾರು ಯಾರ್ ಕೊಟ್ರು ನಿನಗ? ಮಾರ್ಚ್ ತಿಂಗಳು ಕೊಟ್ಟೇನಿ" ಅಂದರು.

ಅವರು ಹೋದದ್ದು ಮಳೆಗಾಲದಲ್ಲಿ. ಮಣ್ಣಿಗೆ ಬಂದ ಹೆಂಗಸರಲ್ಲಿ ಹಿಂದಿನ ಸೀಟಿನಲ್ಲಿ ಕೂತು ಹೋದವರೆಷ್ಟು ಎಂದು ಯಾರೂ ಎಣಿಸಲಿಲ್ಲ. ಅಕ್ಕೋರ ಉಗುರಿನ ಸಂದಿಯಲ್ಲಿ ಆ ದಿನವೂ ಮಸಿ ಇತ್ತು. ಸ್ನಾನ ಮಾಡಿಸಿದವರು ಉಜ್ಜಿ ನೋಡಿ ಬಿಟ್ಟರಂತೆ.

ಪ್ರತಿ ವರ್ಷ ಪರೀಕ್ಷೆಗೆ ನಾನು ರಜೆ ಹಾಕುತ್ತೇನೆ. ಡಿಕ್ಕಿಯಲ್ಲಿ ಬಿಸ್ಕೀಟಿನ ಡಬ್ಬ ಇದೆ, ಅದರಲ್ಲಿ ತಟ್ಟೆ, ರಟ್ಟು. ಈ ಸಲವೂ ಗಣಿತದ ದಿನ ಗೇಟು ಬಿದ್ದಿತ್ತು. ಹಿಂದೆ ಹುಡುಗಿಯರು ಒಬ್ಬರ ತೊಡೆಯ ಮೇಲೊಬ್ಬರು ಕೂತು ಸೂತ್ರ ಹೇಳುತ್ತಿದ್ದರು. ಕೌದಿ ನನಗೆ ಬೇಕಾಗಿಲ್ಲ, ಆದರೂ ಅದರ ಮೇಲೆಯೇ ಕೂರುತ್ತೇನೆ. ಇಂಜಿನ್ ಬಂದ್ ಮಾಡಿ, ಕೀಲಿ ತೆಗೆದು ಕಿಸೆಯಲ್ಲಿ ಇಟ್ಟುಕೊಂಡೆ. ಫ್ಯಾನಿನ ಮುಖವನ್ನು ಹಿಂದಕ್ಕೆ ತಿರುಗಿಸಿದೆ. ಗೂಡ್ಸ್ ರೈಲು ಎಷ್ಟು ಹೊತ್ತು ಬೇಕಾದರೂ ನಿಲ್ಲಲಿ ಅನ್ನುವಂತೆ ಅದು ತಿರುಗುತ್ತಲೇ ಇತ್ತು.